ಕಿರ್ದಿ ಹರಿದ ಸೋಮವಾರ

ಬ್ಯಾಡಗಿಯಲ್ಲಿ ನಮ್ಮ ಮಾಮಾನ ದಲಾಲಿ ಅಂಗಡಿ ಇದೆ. ಒಣ ಮೆಣಸಿನಕಾಯಿ ವ್ಯಾಪಾರ. ಸೋಮವಾರ, ಗುರುವಾರ ಮಾರುಕಟ್ಟೆ ದಿನ. ಸೀಸನ್ ಜೋರಾದಾಗ ಒಂದೇ ದಿನಕ್ಕೆ ಇಡೀ ಮಾರುಕಟ್ಟೆಗೆ ಲಕ್ಷಕ್ಕೂ ಮೀರಿ ಚೀಲ ಬರುತ್ತವೆ. ಮೋಟೆಬೆನ್ನೂರಿನಲ್ಲಿ ಹೈವೇ ಬಿಟ್ಟು ಒಳಗೆ ಹೊರಳಿದರೆ ಸಾಕು, ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ.

ನಾನಿರುವುದು ಹಾವೇರಿಯಲ್ಲಿ. ಸಣ್ಣಪುಟ್ಟ ಸಾಫ್ಟ್‌ವೇರ್ ಕೆಲಸ. "ಕಂಪ್ಯೂಟರ್ ಕಲ್ತವ ನಮ್ಮನ್ಯಾಗ ಇದ್ದೂ ನಮಗ ಉಪಯೋಗ ಇಲ್ಲ" ಅಂತ ಮಾಮಾ ಎರಡು ವರ್ಷದಿಂದ ಅಂತಾನೇ ಇದ್ದ. ಅದಕ್ಕೆ ಕಾರಣವೂ ಇತ್ತು. ಅಂಗಡಿಯ ಲೆಕ್ಕ ಎಲ್ಲ ಒಂದು ಎಕ್ಸೆಲ್ ಫೈಲಿನಲ್ಲಿ. ತೂಕದ ಹತ್ತಿರ ಒಂದು ಕಂಪ್ಯೂಟರ್, ಮುಂದಿನ ಟೇಬಲ್ಲಿಗೊಂದು, ಒಳಗೆ ಲೆಕ್ಕ ಬರೆಯುವ ದಿವಾನಜಿಯವರ ಕೋಣೆಯಲ್ಲಿ ಮತ್ತೊಂದು. ಮೂರೂ ಕಡೆಯಿಂದ ಅದೇ ಫೈಲು ತೆರೆಯಬೇಕು. ಒಬ್ಬರು ತೆರೆದರೆ ಇನ್ನೊಬ್ಬರಿಗೆ ಬರೆಯೋಕೆ ಬಿಡಲ್ಲ. ಆಗ ಅವರು ಅದರ ನಕಲು ಮಾಡಿಕೊಂಡು ಕೂರುತ್ತಿದ್ದರು. ಫೈನಲ್, ಫೈನಲ್ 2, ಹೊಸ ಫೈನಲ್. ಒಂದು ಗುರುವಾರ ಬಳ್ಳಾರಿ ಕಡೆಯ ರೈತರೊಬ್ಬರಿಗೆ ಒಂದೇ ಲಾಟಿನ ಹಣ ಎರಡು ಸಲ ಹೋಯಿತು. ಅವರು ಒಳ್ಳೆಯವರು, ತಾವೇ ಫೋನ್ ಮಾಡಿ ವಾಪಸ್ ಕೊಟ್ಟರು. ಎಲ್ಲರೂ ಹಾಗೆ ಇರ್ತಾರಾ?

ಒಂದೇ ಕಡೆ ಲೆಕ್ಕ ಇರಬೇಕು, ಮೂವರೂ ಒಟ್ಟಿಗೆ ಬರೆಯುವಂತಿರಬೇಕು. ಅಂದರೆ ಡೇಟಾಬೇಸ್ ಸರ್ವರ್. ಕಾಲೇಜಿನಲ್ಲಿ ನಾವು ಕಲಿತದ್ದು ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್. ಅದನ್ನು ಕಟ್ಟಿದ ಮಾಂಟಿ ವಿಡೇನಿಯಸ್ ಮಗಳ ಹೆಸರು ಮೈ. ಅದು ಒರಾಕಲ್ ಕಂಪನಿಯ ಕೈಗೆ ಹೋಗುವ ಹೊತ್ತಿಗೆ 2009ರಲ್ಲಿ ಅದರದೇ ಇನ್ನೊಂದು ಕವಲು ಹೊರಟಿತು. ಅದಕ್ಕೆ ಇನ್ನೊಬ್ಬ ಮಗಳ ಹೆಸರು, ಮರಿಯಾಡಿಬಿ. ನಮ್ಮಲ್ಲಿ ಲಾರಿಯ ಹಣೆ ಮೇಲೆ ಮಕ್ಕಳ ಹೆಸರು ಬರೆಸುತ್ತೇವಲ್ಲ, ಹಾಗೆ. ಆದರೂ ನಾನು ಆರಿಸಿಕೊಂಡದ್ದು ಪೋಸ್ಟ್‌ಗ್ರೆಸ್. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ ಕೆಲಸ ಅದು, ನನಗಿಂತ ಹಿರಿಯ. 1996ರಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನೋ ಹೆಸರು. ಲೈಸೆನ್ಸ್ ಅಂತ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ. ಮಾಮಾನಿಗೆ ಹಿಡಿಸಿದ್ದು ಇದೊಂದೇ ಮಾತು.

ಮಷಿನ್ನೂ ಹೊಸದು ತರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್, 8 ಜಿಬಿ ರ್‍ಯಾಮ್. ಹಾವೇರಿಯಿಂದ 120 ಜಿಬಿಯ ಎಸ್‌ಎಸ್‌ಡಿ ಒಂದು ತಂದೆ. ಹಾಕೋಕೆ ಪೆಟ್ಟಿಗೆಯ ಬದಿ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳಿಗೆ ಕೆಂಪು ದೂಳು ತುಪ್ಪದ ಹಾಗೆ ಅಂಟಿಕೊಂಡಿತ್ತು. ಬುದ್ಧಿ ಇಲ್ಲದೆ ಊದಿದೆ. ಮುಂದಿನ ಕಾಲು ಗಂಟೆ ನಾನು, ಮಾಮಾ, ಲಾಟ್ ನೋಡಲು ಬಂದಿದ್ದ ಇಬ್ಬರು ಖರೀದಿದಾರರು ಎಲ್ಲರೂ ಬೀದಿಯಲ್ಲಿ ನಿಂತು ಸೀನಿದೆವು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರೆ. ಅಂದವರು ಆ ಫ್ಯಾನ್ ಊದಿಲ್ಲ ಅಷ್ಟೆ.

ಅದಕ್ಕೆ ಉಬುಂಟು 22.04 ಅನ್ನೋ ಲಿನಕ್ಸ್ ಹಾಕಿದೆ. ಪೋಸ್ಟ್‌ಗ್ರೆಸ್ ಹಾಕೋಕೆ ಒಂದೇ ಸಾಲಿನ ಆದೇಶ. ಐದು ನಿಮಿಷಕ್ಕೆ 14ನೇ ಆವೃತ್ತಿ ಬಂತು, ತಾನಾಗಿಯೇ ಶುರುವೂ ಆಯಿತು. ಒಳಗೆ ಹೋಗೋಣ ಅಂತ ಪಿಎಸ್‌ಕ್ಯೂಎಲ್ ಅಂತ ಟೈಪ್ ಮಾಡಿದರೆ "ನಿನ್ನ ಹೆಸರಿನವರು ಯಾರೂ ಇಲ್ಲ" ಅನ್ನೋ ಉತ್ತರ. ಲಿನಕ್ಸ್‌ನಲ್ಲಿ ನೀವು ಯಾರೋ ಅದೇ ಹೆಸರಿನಲ್ಲಿ ಅದು ನಿಮ್ಮನ್ನು ಗುರುತಿಸುತ್ತದೆ. ಮೊದಲ ದಿನ ಅದಕ್ಕೆ ಗೊತ್ತಿರುವುದು ಪೋಸ್ಟ್‌ಗ್ರೆಸ್ ಎಂಬ ಒಬ್ಬನೇ ಯಜಮಾನ. ಆ ಯಜಮಾನನ ವೇಷದಲ್ಲಿ ಒಳಗೆ ಹೋಗಿ, ಅಂಗಡಿಗೊಂದು ಡೇಟಾಬೇಸ್, ಮೂರು ಕಂಪ್ಯೂಟರಿಗೆ ಮೂರು ಬಳಕೆದಾರರನ್ನು ಮಾಡಿದೆ.

ಇನ್ನು ಉಳಿದ ಮಷಿನ್‌ಗಳಿಂದ ಮುಟ್ಟಬೇಕು. ಇಲ್ಲಿ ಅರ್ಧ ದಿನ ಹೋಯಿತು. ಎರಡು ಬಾಗಿಲು ಇವೆ ಅನ್ನೋದು ನನಗೆ ಗೊತ್ತಿರಲಿಲ್ಲ. ಹೊಸದಾಗಿ ಹಾಕಿದ ಸರ್ವರ್ ತನ್ನ ಮಷಿನ್ನಿನ ಒಳಗಿನ ಮಾತು ಮಾತ್ರ ಕೇಳುತ್ತದೆ. ಹೊರಗಿನದು ಕೇಳಿಸಿಕೋ ಅಂತ ಒಂದು ಫೈಲಿನಲ್ಲಿ ಬರೆದು, ಸರ್ವರನ್ನೇ ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು. ಅದಾದ ಮೇಲೆ ಎರಡನೇ ಬಾಗಿಲು. ಪಿಜಿ ಎಚ್‌ಬಿಎ ಅಂತ ಇನ್ನೊಂದು ಫೈಲು. ಯಾವ ಬಳಕೆದಾರ, ಯಾವ ವಿಳಾಸದಿಂದ, ಯಾವ ಡೇಟಾಬೇಸಿಗೆ, ಹೇಗೆ ಗುರುತು ತೋರಿಸಿ ಬರಬೇಕು ಅನ್ನೋದು ಅಲ್ಲಿರುತ್ತದೆ. ಮೇಲಿನಿಂದ ಓದಿಕೊಂಡು ಬರುತ್ತದೆ, ಹೊಂದುವ ಮೊದಲ ಸಾಲೇ ತೀರ್ಮಾನ. ಮೊದಲ ಬಾಗಿಲು ಮುಚ್ಚಿದ್ದರೆ "ಸಂಪರ್ಕ ನಿರಾಕರಿಸಲಾಗಿದೆ" ಅನ್ನುತ್ತದೆ, ಎರಡನೆಯದಾದರೆ "ನಿನಗೆ ಎಚ್‌ಬಿಎಯಲ್ಲಿ ಸಾಲಿಲ್ಲ" ಅನ್ನುತ್ತದೆ. ಈ ಎರಡು ಬೈಗುಳದ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಯಾವುದೋ ವಿಡಿಯೊ ನೋಡಿ ಎಲ್ಲ ವಿಳಾಸಕ್ಕೂ ಪಾಸ್‌ವರ್ಡ್ ಇಲ್ಲದೆ ಬರಲು ಬಿಡುವ ಸಾಲು ಹಾಕಿದ್ದೆ. ರಾತ್ರಿ ಹಾಸಿಗೆಯಲ್ಲಿ ಅದು ನೆನಪಾಗಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದವನೇ ತೆಗೆದೆ. ಈಗ ಅಂಗಡಿಯ ಒಳಗಿನ ನೆಟ್‌ವರ್ಕಿಗೆ ಮಾತ್ರ, ಪಾಸ್‌ವರ್ಡ್ ಸಮೇತ. 5432 ಅನ್ನೋ ಪೋರ್ಟ್ ಹೊರಗಿನ ಇಂಟರ್‌ನೆಟ್ಟಿಗೆ ಕಾಣುವುದೇ ಇಲ್ಲ.

ಟೇಬಲ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ರೈತರು, ಲಾಟುಗಳು, ತೂಕ, ಖರೀದಿದಾರರು, ಪಾವತಿ. ಹಣಕ್ಕೆ ದಶಾಂಶವನ್ನು ಇದ್ದಂತೆಯೇ ಇಡುವ ನ್ಯೂಮರಿಕ್ ಬಳಸಿ, ಅಂದಾಜಿನಲ್ಲಿ ಇಡುವ ಫ್ಲೋಟ್ ಬೇಡವೇ ಬೇಡ. ಫ್ಲೋಟಿನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರಲ್ಲ. ಅದನ್ನು ದಿವಾನಜಿಯವರ ಮುಂದೆ ಇಟ್ಟರೆ ನನ್ನ ಕಂಪ್ಯೂಟರ್ ಕಲಿಕೆ ಎಲ್ಲ ಅಲ್ಲಿಗೇ ಮುಗೀತು.

ಹೆಸರುಗಳ ಕಥೆ ಮಾತ್ರ ಹೇಳಲೇಬೇಕು. ಹಳೇ ಫೈಲಿನ ಹೆಸರುಗಳು ಒಂದು ಕಾಲದಲ್ಲಿ ಹಳೇ ಕನ್ನಡ ಫಾಂಟಿನಲ್ಲಿ ಟೈಪ್ ಆಗಿ, ಆಮೇಲೆ ಯಾವುದೋ ಪರಿವರ್ತಕದಿಂದ ಯೂನಿಕೋಡ್‌ಗೆ ಬಂದಿದ್ದವು. ಹೊಳೆಬಸಪ್ಪ ಅನ್ನುವ ರೈತರಿಗೆ ಎರಡು ಖಾತೆ ಕಂಡವು. ಎರಡೂ ಹೆಸರು ಕಣ್ಣಿಗೆ ಒಂದೇ. ಸರ್ವರ್ ಮಾತ್ರ ಬೇರೆ ಬೇರೆ ಅನ್ನುತ್ತಿತ್ತು. ಹೆಸರನ್ನು ಬಿಡಿಸಿ ಒಂದೊಂದೇ ಸಂಕೇತ ನೋಡಿದೆ. ಒಂದರಲ್ಲಿ 'ಹೊ' ಅಂದರೆ ಹ ಮತ್ತು ಒತ್ವದ ಒಂದೇ ಚಿಹ್ನೆ. ಇನ್ನೊಂದರಲ್ಲಿ ಹ, ಅದಕ್ಕೊಂದು ಎತ್ವ, ಅದರ ಪಕ್ಕ ಊಕಾರದ ಕೊಂಬು. ಪರದೆ ಮೇಲೆ ಎರಡೂ ಕೂಡಿ ಅದೇ 'ಹೊ'. ಶಾಲೆಯಲ್ಲಿ ಕಾಗುಣಿತ ಕಲಿಸುವಾಗ ಮೇಷ್ಟ್ರು ಬಿಡಿಸಿ ತೋರಿಸುತ್ತಿದ್ದರಲ್ಲ, ಆ ಪರಿವರ್ತಕ ಅದನ್ನೇ ಮಾಡಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದ ನಾರ್ಮಲೈಸ್ ಅನ್ನುವ ಫಂಕ್ಷನ್ ಇದೆ, ಅದು ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಅಷ್ಟು ಮಾಡಿದರೂ ಕೆಲವು ಹೆಸರು ಹೊಂದಲಿಲ್ಲ. ಅರ್ಧಾಕ್ಷರ ಬಿಡಿಸಿ ತೋರಿಸಲು ಹಾಕುವ, ಕಣ್ಣಿಗೆ ಕಾಣದ ಒಂದು ಅಕ್ಷರ ನಡುವೆ ಕೂತಿತ್ತು. ಅದನ್ನು ಬೇರೆಯಾಗಿ ತೆಗೆದೆ. ಇನ್ನೊಂದು ಮಾತು. ಹೆಸರಿಗೆ 20 ಅಕ್ಷರ ಸಾಕು ಅಂತ ಮಿತಿ ಹಾಕಬೇಡಿ. ನಮಗೆ 'ಶ್ರೀ' ಒಂದೇ ಅಕ್ಷರ, ಯೂನಿಕೋಡ್ ಎಣಿಕೆಯಲ್ಲಿ ಅದು ನಾಲ್ಕು.

ಜನವರಿ ಕೊನೆಗೆ ಎಲ್ಲ ಓಡತೊಡಗಿತು. ದಿವಾನಜಿಯವರಿಗೆ ಹೇಳಿದೆ, "ಕಾಕಾ, ಇನ್ನು ಪುಸ್ತಕದಾಗ ಬರೆಯೋದು ಬ್ಯಾಡ್ರಿ. ಎಲ್ಲಾ ಇದರಾಗ ಇರ್ತೈತಿ." ಅವರು ನಕ್ಕು ತಲೆಯಾಡಿಸಿದರು. ಸಂಜೆ ನೋಡಿದರೆ ಕಿರ್ದಿ ಪುಸ್ತಕ ಬಿಚ್ಚಿಕೊಂಡು ಬರೆಯುತ್ತಿದ್ದರು.

ಆ ವಾರದಲ್ಲೇ ಒಮ್ಮೆ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತಿದ್ದು ಆಗಲೇ ಗೊತ್ತಾದದ್ದು. ಸರ್ವರ್ ಧಪ್ ಅಂತ ಆರಿತು. ಮತ್ತೆ ಹಚ್ಚಿದಾಗ ಲಾಗಿನಲ್ಲಿ ಒಂದು ಸಾಲು: ಡೇಟಾಬೇಸನ್ನು ಸರಿಯಾಗಿ ಮುಚ್ಚಿರಲಿಲ್ಲ, ತಾನಾಗಿ ಸರಿಪಡಿಸಿಕೊಳ್ಳುತ್ತಿದ್ದೇನೆ. ಕೆಲವೇ ಸೆಕೆಂಡು. ಒಂದು ಚೀಲದ ಲೆಕ್ಕವೂ ತಪ್ಪಿರಲಿಲ್ಲ. ದಿವಾನಜಿಯವರಿಗೆ ಕುತೂಹಲ. ಅದು ಹೇಗೆ ಅಂತ ಕೇಳಿದರು. ನಾನು ವಿವರಿಸಿದೆ. ಏನೇ ಬದಲಾವಣೆ ಆದರೂ ಅದು ಟೇಬಲ್ಲಿನ ಫೈಲಿಗೆ ಹೋಗುವ ಮೊದಲು ವಾಲ್ ಅನ್ನುವ ಇನ್ನೊಂದು ಕಡೆ ಸಾಲಾಗಿ ಬರೆಯುತ್ತದೆ. ಅದು ಡಿಸ್ಕಿಗೆ ಇಳಿದ ಮೇಲೆಯೇ "ಆಯ್ತು" ಅಂತ ನಮಗೆ ಹೇಳುತ್ತದೆ. ಟೇಬಲ್ಲಿಗೆ ನಿಧಾನವಾಗಿ ಆಮೇಲೆ ಏರಿಸುತ್ತದೆ. ನಡುವೆ ಕರೆಂಟ್ ಹೋದರೆ, ವಾಲ್ ಓದಿಕೊಂಡು ಏರಿಸದೆ ಉಳಿದದ್ದನ್ನು ಏರಿಸುತ್ತದೆ.

ಅವರು ಪೆನ್ನು ಕೆಳಗಿಟ್ಟರು. "ಅದು ಕಿರ್ದಿ ಆತಲ್ಲೋ ತಮ್ಮಾ. ದಿನಾ ಆಗಿದ್ದು ಆದಂಗ ಕಿರ್ದಿಗೆ ಬರೀತೀವಿ. ಸಂಜಿಗೆ ಖಾತೆಕ್ಕ ಏರಸ್ತೀವಿ. ಖಾತೆ ಪುಸ್ತಕ ಸುಟ್ಟು ಹೋದ್ರೂ ಆರಂಭ ಶಿಲ್ಕು ಗೊತ್ತಿದ್ರ ಕಿರ್ದಿ ಮ್ಯಾಲಿಂದ ಮತ್ತ ಕಟ್ಟಬಹುದು."

ಇಷ್ಟು ಸರಳವಾಗಿ ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಆದರೆ ಅವರು ಹೇಳಿದ್ದನ್ನು ಮೂರು ವಾರ ಕೂಡ ನಾನು ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಬ್ಯಾಕಪ್ಪಿಗೆ 1 ಟಿಬಿಯ ಹೊರಗಿನ ಡಿಸ್ಕ್ ಒಂದನ್ನು ಜೋಡಿಸಿದ್ದೆ. ಅದಕ್ಕೆ ಬೇರೆ ಅಡಾಪ್ಟರ್, ಬೇರೆ ಪ್ಲಗ್. ರಾತ್ರಿ 11ಕ್ಕೆ ಪಿಜಿ ಡಂಪ್ ಅನ್ನೋ ಉಪಕರಣ ಇಡೀ ಡೇಟಾಬೇಸನ್ನು ಅಲ್ಲಿಗೆ ಇಳಿಸುತ್ತಿತ್ತು. ಅದು ಸಾಲದು ಅನ್ನಿಸಿ, ಮೊದಲ ದಿನವೇ ಒಂದು ಬೇಸ್ ಬ್ಯಾಕಪ್, ಅಂದರೆ ಸರ್ವರಿನ ಫೈಲುಗಳ ಇದ್ದಂಥ ನಕಲು ತೆಗೆದು, ಅಲ್ಲಿಂದ ಮುಂದೆ ವಾಲ್ ಫೈಲುಗಳೂ ಒಂದೊಂದಾಗಿ ಅದೇ ಡಿಸ್ಕಿಗೆ ನಕಲಾಗುವಂತೆ ಮಾಡಿದ್ದೆ. ಒಂದು ವಾಲ್ ಫೈಲ್ 16 ಎಂಬಿ. ಒಂದು ನಿಮಿಷದ ಲೆಕ್ಕವೂ ಕಳೆಯಬಾರದು ಅಂತ, ಕೆಲಸ ನಡೆದಿದ್ದರೆ ನಿಮಿಷಕ್ಕೊಮ್ಮೆ ಹೊಸ ಫೈಲಿಗೆ ಹೋಗು ಅಂತಲೂ ಹೇಳಿದ್ದೆ. ಅತಿ ಜಾಣತನ. ಅಂಗಡಿ ಹತ್ತು ಗಂಟೆ ತೆರೆದಿದ್ದರೆ 600 ಫೈಲು, ದಿನಕ್ಕೆ ಸುಮಾರು 9.6 ಜಿಬಿ. ಅದರಲ್ಲಿ ಬಹುಪಾಲು ಬರೀ ಖಾಲಿ ಜಾಗ. ಹೋಗುವುದು ದೊಡ್ಡ ಡಿಸ್ಕಿಗೆ ತಾನೆ ಅಂತ ಸುಮ್ನಿದ್ದೆ.

ಫೆಬ್ರುವರಿಯ ಒಂದು ಗುರುವಾರ ಸಂಜೆ ಮಾಮಾನ ಮಗ ಮೊಬೈಲ್ ಚಾರ್ಜಿಗೆ ಹಾಕಲು ಪ್ಲಗ್ ಹುಡುಕಿದ. ಡಿಸ್ಕಿನ ಅಡಾಪ್ಟರ್ ಕಿತ್ತು ತನ್ನದನ್ನು ಹಾಕಿದ. ಅವನ ತಪ್ಪಲ್ಲ. ಅದು ಏನು ಅಂತ ಯಾರೂ ಅವನಿಗೆ ಹೇಳಿರಲಿಲ್ಲ, ನಾನೂ ಬರೆದು ಅಂಟಿಸಿರಲಿಲ್ಲ.

ವಾಲ್ ಫೈಲು ನಕಲಾಗದಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಅಳಿಸುವುದಿಲ್ಲ. ನಕಲಾಗುವವರೆಗೂ ಇಟ್ಟುಕೊಳ್ಳುತ್ತದೆ. ಅದು ಸರಿಯಾದ ನಡವಳಿಕೆಯೇ. ಲಾಗಿನಲ್ಲಿ ಮತ್ತೆ ಮತ್ತೆ ಕೂಗಿಯೂ ಹೇಳಿತ್ತು, ನಾನು ನೋಡಲಿಲ್ಲ. ಎಸ್‌ಎಸ್‌ಡಿಯಲ್ಲಿ 22 ಜಿಬಿ ಖಾಲಿ ಇತ್ತು. ಶುಕ್ರವಾರ, ಶನಿವಾರ ಸೇರಿ 19 ತುಂಬಿತು. ಭಾನುವಾರ ರಜೆ. ಸೋಮವಾರ ಬೆಳಗ್ಗೆ 11ಕ್ಕೆ, ಟೆಂಡರಿನ ದರಕ್ಕಾಗಿ ಎಲ್ಲರೂ ಕಾಯುತ್ತಿರುವಾಗ, ಮೂರೂ ಕಂಪ್ಯೂಟರ್ ಒಟ್ಟಿಗೆ ನಿಂತವು.

ನಾನು ಆ ದಿನ ಅಲ್ಲೇ ಇದ್ದೆ, ಅದು ಒಳ್ಳೆಯದೋ ಕೆಟ್ಟದ್ದೋ ಇವತ್ತಿಗೂ ಗೊತ್ತಿಲ್ಲ. ಲಾಗ್ ತೆರೆದರೆ ಪ್ಯಾನಿಕ್ ಅನ್ನೋ ಪದ, ಪಕ್ಕದಲ್ಲಿ ಡಿಸ್ಕಿನಲ್ಲಿ ಜಾಗವಿಲ್ಲ. ಸರ್ವರ್ ಏಳುತ್ತಲೇ ಇಲ್ಲ. ಹೊರಗೆ ಹಮಾಲರು ಚೀಲ ಇಳಿಸುತ್ತಿದ್ದಾರೆ. ಮಾಮಾ ಹಿಂದೆ ಬಂದು ನಿಂತ. "ಏನಾತೋ?" ಜಾಗ ತಿಂದಿದ್ದು ಯಾವುದು ಅಂತ ಹುಡುಕಿದೆ. ಪಿಜಿ ವಾಲ್ ಅನ್ನೋ ಫೋಲ್ಡರ್. ಸಾವಿರಕ್ಕೂ ಮಿಕ್ಕಿ ಫೈಲು, ಎಲ್ಲವೂ 16 ಎಂಬಿ, ಹೆಸರಿನ ತುಂಬ ಸೊನ್ನೆ. ಹಳೇ ಲಾಗ್‌ಗಳು ತಾನೆ ಅಂದುಕೊಂಡು ಎಲ್ಲವನ್ನೂ ಅಳಿಸಿದೆ.

ಆಮೇಲೆ ಓದಿದ್ದು ಇದು. ಆ ಫೋಲ್ಡರಿನ ಹೆಸರು ಮೊದಲು ಪಿಜಿ ಎಕ್ಸ್‌ಲಾಗ್ ಅಂತಲೇ ಇತ್ತು. ಲಾಗ್ ಅಂತ ನೋಡಿ ಜನ ಅಳಿಸುತ್ತಿದ್ದರು. ಅದಕ್ಕೇ 2017ರಲ್ಲಿ 10ನೇ ಆವೃತ್ತಿಗೆ ಹೆಸರನ್ನೇ ಬದಲಿಸಿದರು. ನನ್ನಂಥವರಿಗಾಗಿ ಒಂದು ಫೋಲ್ಡರಿನ ಹೆಸರು ಬದಲಿಸಿದರೂ ನಾನು ಅಳಿಸಿದೆ.

ಸರ್ವರ್ ಈಗ ಬೇರೆ ಮಾತು ಹೇಳಿತು: ಸರಿಯಾದ ಚೆಕ್‌ಪಾಯಿಂಟ್ ಸಿಗುತ್ತಿಲ್ಲ. ಅಂದರೆ ಎಲ್ಲಿಯವರೆಗೆ ಖಾತೆಗೆ ಏರಿಸಿದ್ದೇನೆ ಅನ್ನುವ ಗುರುತೇ ಹೋಗಿದೆ. ವಾಲನ್ನು ಹೊಸದಾಗಿ ಶುರು ಮಾಡಿಸುವ ಪಿಜಿ ರೀಸೆಟ್‌ವಾಲ್ ಅಂತ ಒಂದು ಉಪಕರಣ ಇದೆ. ಅದನ್ನು ಓಡಿಸಿದರೆ ಸರ್ವರ್ ಏಳಬಹುದು, ಆದರೆ ಅರ್ಧ ಏರಿದ ಲೆಕ್ಕ ಅರ್ಧವಾಗಿಯೇ ಉಳಿಯಬಹುದು. ಹಣದ ಲೆಕ್ಕಕ್ಕೆ ಅದು ಬೇಡ ಅನ್ನಿಸಿತು. ನಾನು ಸರಿ ಮಾಡಿದ್ದು ಆ ದಿನ ಅದೊಂದೇ.

ದಿವಾನಜಿಯವರಿಗೆ ಹೇಳಬೇಕಾಯಿತು. ಅವರು ಬೈಯಲಿಲ್ಲ. "ಕಿರ್ದಿ ಹರದ್ರ ಖಾತೆ ಹೆಂಗ್ ಕೂಡ್ತೈತಪಾ?" ಅಂದರು. ಬೈದಿದ್ದರೇ ಚೆನ್ನಾಗಿತ್ತು. ಅವತ್ತಿನ ವ್ಯಾಪಾರ ಎಲ್ಲ ಕೈಯಲ್ಲೇ ಬರೆದರು. ರೈತರಿಗೆ ಪಟ್ಟಿ ಕೊಟ್ಟದ್ದೂ ಕೈಬರಹದ್ದೇ.

ಪ್ಲಗ್ ಕಿತ್ತಿದ್ದು ಆಗಲೇ ಗೊತ್ತಾದದ್ದು. ರಾತ್ರಿಯ ಡಂಪ್ ಕೂಡ ಅದೇ ಡಿಸ್ಕಿಗೆ ಹೋಗುತ್ತಿತ್ತಲ್ಲ, ಹಾಗಾಗಿ ಕೊನೆಯ ಡಂಪ್ ಬುಧವಾರದ್ದು. ಅದನ್ನು ಹಾಕಿದರೆ ಗುರುವಾರದ ಇಡೀ ಮಾರುಕಟ್ಟೆ ಹೋಗುತ್ತದೆ. ಗುರುವಾರ ಸಂಜೆಯವರೆಗಿನ ವಾಲ್ ಫೈಲುಗಳು ಡಿಸ್ಕಿನಲ್ಲಿ ಇದ್ದವು. ಬುಧವಾರದ ಡಂಪಿನ ಮೇಲೆ ಗುರುವಾರದ ವಾಲ್ ಓಡಿಸೋಣ ಅಂತ ಹೊರಟೆ. ಆಗಲ್ಲ. ಡಂಪ್ ಅಂದರೆ ಖಾತೆಗಳನ್ನು ಬೇರೆ ಪುಸ್ತಕಕ್ಕೆ ಚೆಂದಾಗಿ ಬರೆದಿಟ್ಟ ಹಾಗೆ. ಅದರ ಪುಟ, ಸಾಲಿನ ನಂಬರೇ ಬೇರೆ. ವಾಲಿನಲ್ಲಿರುವುದು ಹಳೇ ಪುಸ್ತಕದ ಪುಟಕ್ಕೆ ಏರಿಸಬೇಕಾದದ್ದು. ಅದಕ್ಕೆ ಬೇಕಾಗಿದ್ದು ಪುಟ ಸಮೇತ ತೆಗೆದ ಬೇಸ್ ಬ್ಯಾಕಪ್. ದಿವಾನಜಿಯವರ ಮಾತಿನಲ್ಲಿ ಆರಂಭ ಶಿಲ್ಕು. ಪುಣ್ಯಕ್ಕೆ ಮೊದಲ ದಿನದ್ದು ಒಂದಿತ್ತು. ಅದನ್ನು ಹರವಿ, ರಿಕವರಿ ಅಂತ ಹೆಸರಿನ ಖಾಲಿ ಫೈಲ್ ಒಂದನ್ನು ಇಟ್ಟು, ವಾಲ್ ಎಲ್ಲಿಂದ ತರಬೇಕು ಅಂತ ಹೇಳಿ ಸರ್ವರ್ ಎಬ್ಬಿಸಿದೆ. ಮೂರು ವಾರದ ಹತ್ತು ಸಾವಿರಕ್ಕೂ ಜಾಸ್ತಿ ಫೈಲು. ಒಂದೊಂದೇ ಎಳೆದುಕೊಂಡು ಏರಿಸುತ್ತ ಹೋಯಿತು. ಒಂದು ತಾಸಿಗೂ ಮೇಲೆ ಹಿಡಿಯಿತು. ಚಹಾ ಎರಡು ಸಲ ಬಂತು, ಎರಡು ಸಲವೂ ತಣ್ಣಗಾಯಿತು. ಗುರುವಾರ ಸಂಜೆಯ ಕೊನೆಯ ಲಾಟು ಪರದೆ ಮೇಲೆ ಕಂಡಾಗ ಮಾಮಾ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ.

ಶುಕ್ರವಾರ, ಶನಿವಾರ ಮತ್ತು ಸೋಮವಾರದ್ದು ಎಲ್ಲೂ ಇರಲಿಲ್ಲ. ಇದ್ದದ್ದು ದಿವಾನಜಿಯವರ ಕಿರ್ದಿಯಲ್ಲಿ, ನಾನು ನಿಲ್ಲಿಸಿ ಅಂದಿದ್ದ ಆ ಪುಸ್ತಕದಲ್ಲಿ. ಅವರು ಓದುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಹೆಸರು, ಕಾಯಿ ಡಬ್ಬಿಯೋ ಕಡ್ಡಿಯೋ ಅನ್ನೋ ತಳಿ, ಚೀಲ, ತೂಕ, ದರ. ರಾತ್ರಿ ಎಂಟಕ್ಕೆ ಮುಗಿಯಿತು. ಮೊತ್ತ ಕೂಡಿಸಿದರೆ ಅವರದಕ್ಕೂ ನನ್ನದಕ್ಕೂ 90 ರೂಪಾಯಿ ವ್ಯತ್ಯಾಸ.

ಅಷ್ಟಕ್ಕೆ ಬಿಡೋಣ ಅಂದೆ. ಅವರು ಬಿಡಲಿಲ್ಲ. "ಒಂಬತ್ತರಿಂದ ಭಾಗ ಹೋಗ್ತೈತಿ ನೋಡು. ಅಂಕಿ ಹಿಂದ ಮುಂದ ಆಗ್ಯಾವ." ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವಾಗಿರುತ್ತದಂತೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಶನಿವಾರದ ಒಂದು ಪಾವತಿ 12,650. ನಾನು 12,560 ಅಂತ ಹೊಡೆದಿದ್ದೆ.

ಈಗ ಡಂಪ್ ಎರಡು ಕಡೆ ಹೋಗುತ್ತದೆ, ಒಂದು ಪೆನ್‌ಡ್ರೈವಿನಲ್ಲಿ ಮಾಮಾನ ಮನೆಗೆ. ಬೇಸ್ ಬ್ಯಾಕಪ್ ಪ್ರತಿ ಭಾನುವಾರ ಹೊಸದು. ನಿಮಿಷಕ್ಕೊಮ್ಮೆ ಅಂದಿದ್ದನ್ನು ಹತ್ತು ನಿಮಿಷಕ್ಕೆ ಏರಿಸಿದೆ. ಡಿಸ್ಕ್ 80 ಪ್ರತಿಶತ ದಾಟಿದರೆ, ಅಥವಾ ವಾಲ್ ನಕಲು ಒಮ್ಮೆ ತಪ್ಪಿದರೂ ನನ್ನ ಫೋನಿಗೆ ಸಂದೇಶ ಬರುತ್ತದೆ. ಶನಿವಾರಕ್ಕೊಮ್ಮೆ ನನ್ನ ಲ್ಯಾಪ್‌ಟಾಪಿನಲ್ಲಿ ಡಂಪ್ ಹರವಿ, ಮೊತ್ತ ಕೂಡಿಸಿ, ದಿವಾನಜಿಯವರಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಅವರು ಪುಸ್ತಕ ನೋಡಿ "ಹೌದು" ಅನ್ನಬೇಕು. 14ನೇ ಆವೃತ್ತಿಗೆ ನವೆಂಬರ್ 2026ರವರೆಗೆ ಮಾತ್ರ ತಿದ್ದುಪಡಿ ಬರುತ್ತವೆ, ಅದನ್ನು ಬದಲಿಸಬೇಕು. ಸೀಸನ್ ಮುಗಿದು ಮಳೆ ಹಿಡಿದ ಮೇಲೆ, ಅಂಗಡಿ ಖಾಲಿ ಇದ್ದಾಗ.

ಡಿಸ್ಕಿನ ಪ್ಲಗ್ ಮೇಲೆ ಈಗ ಒಂದು ಚೀಟಿ ಇದೆ. ದಿವಾನಜಿಯವರ ದುಂಡು ಅಕ್ಷರ, ಕೆಂಪು ಮಸಿ: "ಇದು ಕಿರ್ದಿ. ಮುಟ್ಟಬೇಡಿ." ಪಕ್ಕದಲ್ಲಿ ಮಾಮಾನ ಮಗ ತನ್ನ ಚಾರ್ಜರಿಗೆ ಅಂತಲೇ ಬೇರೆ ಬೋರ್ಡ್ ಹಾಕಿಸಿಕೊಂಡಿದ್ದಾನೆ.